ಹೆಸರಿಲ್ಲದವರ ಖರ್ಚಿನಲ್ಲಿ ಸಿಲೋನಿಗೆ

ಶಿವಮೊಗ್ಗೆ

ಆ ಸಂಜೆ ಶಿವಲಿಂಗಪ್ಪನವರ ಜವಳಿ ಅಂಗಡಿಯ ಮಹಡಿಯ ಮೇಲೆ ನಾವು ಮೂರೇ ಜನ. ಸಂಘದ ಅಧ್ಯಕ್ಷರಾದ ಶಿವಲಿಂಗಪ್ಪನವರು ಗಾದಿಯ ಮೇಲೆ, ಗಾಜನೂರಿನಿಂದ ಗಾಡಿ ಕಟ್ಟಿಸಿಕೊಂಡು ಬಂದಿದ್ದ ರಂಗೇಗೌಡರು ಕಿಟಕಿಯ ಪಕ್ಕ, ಭದ್ರಾವತಿಯಿಂದ ಮಧ್ಯಾಹ್ನದ ರೈಲಿಗೆ ಬಂದ ನಾನು ಚಾಪೆಯ ಮೇಲೆ. ಕಾಫಿ ಉಂಟು ಎಂದು ಹೇಳಿ ಕಳಿಸಿದರೆ ಉಳಿದ ಸದಸ್ಯರೂ ಬರುವವರೇ. ಆ ದಿನ ಹೇಳಿ ಕಳಿಸಿರಲಿಲ್ಲ.

ನಮ್ಮ ಸಂಘ ದೊಡ್ಡದೇನಲ್ಲ. ಪೇಟೆಯಲ್ಲಿ ಒಂದು ವಾಚನಾಲಯ, ಹೆಂಡ ಬಿಡಿ ಎಂದು ವರ್ಷಕ್ಕೆ ನಾಲ್ಕು ಭಾಷಣ, ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯ ಕೂಲಿಗಳಿಗೆ ನಾನು ನಡೆಸುತ್ತಿದ್ದ ಸಂಜೆ ಶಾಲೆ, ಇಷ್ಟೇ. ಆ ಶಾಲೆಗೂ ಸ್ವಂತ ಸೂರಿರಲಿಲ್ಲ. ಇಂಥ ಸಂಘಕ್ಕೆ ಮದರಾಸಿನ ವಕೀಲರೊಬ್ಬರಿಂದ ದಪ್ಪ ಕಾಗದದ ಮೇಲೆ ಟೈಪು ಮಾಡಿದ ಪತ್ರ ಬಂದಿತ್ತು. ತಮ್ಮ ಕಕ್ಷಿಗಾರರೊಬ್ಬರು ನಮ್ಮ ಶಾಲೆಗೆ ಕಟ್ಟಡ ಕಟ್ಟಿಸಿಕೊಡಲು ಇಚ್ಛಿಸಿದ್ದಾರೆ; ಜೊತೆಗೆ ಸಂಘದ ಒಬ್ಬರನ್ನು ತಮ್ಮ ಖರ್ಚಿನಲ್ಲಿ ಸಿಲೋನಿಗೆ ಕಳಿಸಿ ಅಲ್ಲಿಯ ಚಹಾ ತೋಟಗಳ ಕೂಲಿಗಳ ಸ್ಥಿತಿಗತಿ ತೋರಿಸುತ್ತಾರೆ; ಹೋದವರು ಕಂಡದ್ದನ್ನು ಹೇಳಿದರೆ ಸಾಕು; ದಾನಿಗಳ ಹೆಸರು ಮಾತ್ರ ಗುಪ್ತ. ಇದು ಅದರ ಸಾರಾಂಶ.

ರಂಗೇಗೌಡರು ಪತ್ರವನ್ನು ತಿರುವಿ ಹಿಂಬದಿಯನ್ನೂ ನೋಡಿದರು. “ಯಾರ್ರೀ ಈ ಪುಣ್ಯಾತ್ಮ? ಹೆಸರಿಲ್ಲ, ಊರಿಲ್ಲ. ನಮ್ಮಲ್ಲಿ ಒಂದು ಕರು ಕೊಡೋನೂ ಇದು ಯಾವ ಕೊಟ್ಟಿಗೇದು ಅಂತ ಹೇಳ್ತಾನೆ.”

ಅವರ ಬಾಯಿ ಮುಚ್ಚಿಸಿದವನು ನಾನೇ. ಓದುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ನಾನು ಮಾತು ಕಲಿತದ್ದು, ನಡತೆ ಕಲಿತದ್ದು ನಮ್ಮಜ್ಜಿಯ ಮಡಿಲಲ್ಲಿ. ಆಕೆ ಸಂಕ್ರಾಂತಿಗೆ ಎಳ್ಳುಂಡೆ ಕಟ್ಟುವಾಗ ಕೆಲವದರ ಒಳಗೆ ಬೆಳ್ಳಿಯ ಎರಡಾಣೆ ಹುದುಗಿಸಿ, ಬೀದಿಯ ಬಡವರಿಗೆ ಬೇರೆಯವರ ಕೈಯಿಂದ ಕೊಡಿಸುತ್ತಿದ್ದಳು. ಯಾರು ಕೊಟ್ಟರು ಎಂದು ಯಾರಾದರೂ ಕೇಳಿದರೆ, ಹಾಗೆ ಕೇಳುವುದೇ ಕೆಟ್ಟ ನಡತೆ ಎಂದು ಗದರುತ್ತಿದ್ದಳು. ಆ ಗದರಿಕೆಯೇ ನನ್ನ ನಾಲಿಗೆಯ ಮೇಲೆ ಬಂತು.

“ಗೌಡ್ರೇ, ಗುಪ್ತದಾನ ಮಾಡಿದೋರ ಹೆಸರು ಕೆದಕಬಾರ್ದು. ಅವರ ಪುಣ್ಯಕ್ಕೂ ಕುತ್ತು, ನಮಗೂ ಮರ್ಯಾದೆ ಅಲ್ಲ.”

“ಆಯ್ತು ಮಾರಾಯ್ರೇ, ಕೆದಕಲ್ಲ. ಹಡಗು ಹತ್ತೋರು ನೀವು,” ಎಂದು ಗೌಡರು ಎಲೆಗೆ ಸುಣ್ಣ ಸವರಿದರು. ಶಿವಲಿಂಗಪ್ಪನವರಿಗೆ ಆಗಲೇ ಹೊಸ ಶಾಲೆಯ ಹೆಂಚು ಕಣ್ಣಿಗೆ ಕಾಣುತ್ತಿತ್ತು. ಕಾರ್ಖಾನೆಯ ಕೂಲಿಗಳ ನಡುವೆ ಇದ್ದು ತಮಿಳು ಕಲಿತವನು ನಾನೊಬ್ಬನೇ ಆದ್ದರಿಂದ ನಾನೇ ಹೋಗುವುದೆಂದು ನಿಶ್ಚಯವಾಯಿತು.

ಜನ್ನಾಪುರ

ಸುದ್ದಿ ಭದ್ರಾವತಿಗೆ ನನಗಿಂತ ಮೊದಲು ತಲುಪಿತ್ತು. ಮಾರನೆಯ ಬೆಳಿಗ್ಗೆ ಜನ್ನಾಪುರದ ನನ್ನ ಬಾಡಿಗೆ ಮನೆಯ ಜಗುಲಿಯ ಮೇಲೆ ಮುನಿಯಮ್ಮ ಕೂತಿದ್ದಳು. ಸೇಲಂ ಕಡೆಯವಳು, ಕಾರ್ಖಾನೆಯಲ್ಲಿ ಇದ್ದಿಲು ಹೊರುವ ಕೆಲಸ. ಸಂಜೆ ಶಾಲೆಯಲ್ಲಿ ಮೂರು ತಿಂಗಳು ಕೂತು, ಅಕ್ಷರಗಳೆಲ್ಲ ಒಂದೇ ಥರ ಕಾಣ್ತವೆ ಎಂದು ಎದ್ದುಹೋದವಳು. ಆದರೆ ಶಾಲೆಗೆ ನೀರು ತಂದಿಡುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಅವಳ ತಂಗಿ ಚಿನ್ನಮ್ಮ ಒಂಬತ್ತು ವರ್ಷದ ಹಿಂದೆ ಕಂಗಾಣಿಯ ಜೊತೆ ಸಿಲೋನಿಗೆ ಹೋದವಳು. ತೋಟಕ್ಕೆ ಊರೂರಿನಿಂದ ಆಳು ಕೂಡಿಸಿಕೊಂಡು ಹೋಗುವವನಿಗೆ ಅಲ್ಲಿ ಕಂಗಾಣಿ ಎನ್ನುತ್ತಾರೆ. ಹೋದಮೇಲೆ ಅಕ್ಕತಂಗಿಯರು ಮುಖ ನೋಡಿಲ್ಲ.

ಮುನಿಯಮ್ಮ ಹುರಿಗಡಲೆ, ಒಂದು ರವಿಕೆ ಕಣ ಕಟ್ಟಿದ ಗಂಟನ್ನು ನನ್ನ ಮುಂದೆ ಸರಿಸಿದಳು. “ಇದು ಕೊಡದಿದ್ರೂ ಪರವಾಗಿಲ್ಲ ಸಾಮಿ. ಹೆಂಗವ್ಳೆ ಅಂತ ಒಂದು ಮಾತು ಕೇಳ್ಕಂಡು ಬನ್ನಿ. ನಾನು ಹೋದ್ರೆ ಒಳಗೆ ಬಿಡ್ತಾರಾ? ನಮ್ಮಣ್ಣ ಅಷ್ಟು ದೂರ ಹೋದ. ತೋಟದ ದೊರೆ ಚೀಟಿ ಇಲ್ಲ ಅಂತ ಗೇಟಿಂದ್ಲೇ ಓಡಿಸಿದ್ರು. ಅವ್ಳು ಬದ್ಕವ್ಳೆ ಅಂತ ಯಾರೋ ಹೇಳಿದ್ದು ಕೇಳ್ಕಂಡು ಬಂದ.”

“ಕೇಳ್ಕೊಂಡು ಬರ್ತೀನಿ, ಮುನಿಯಮ್ಮ.”

“ನೆನಪಿಟ್ಕಳಿ. ನೀವು ಮೇಷ್ಟ್ರು, ಬೇರೆಯೋರಿಗೆ ನೆನಪಿಟ್ಕಳಿ ಅಂತ ಹೇಳೋರು,” ಎಂದು ನಗುತ್ತಾ ಎದ್ದಳು.

ಮಂಡಪಂ

ಬೀರೂರಿನಲ್ಲಿ ಗಾಡಿ ಬದಲಿಸಿದ್ದು, ಬೆಂಗಳೂರಿನಲ್ಲಿ ಬಿಸಿಲಿಗೆ ತಲೆನೋವು ಬಂದದ್ದು, ಇವೆಲ್ಲ ಯಾರಿಗೆ ಬೇಕು? ನೆಲ ಮುಗಿದು ಸಮುದ್ರ ಕಾಣುವ ಮುಂಚೆ ಮಂಡಪಂ ಎಂಬ ಠಾಣ್ಯ ಬರುತ್ತದೆ. ನನ್ನ ಕಣ್ಣು ಮೊದಲು ತೆರೆದದ್ದು ಅಲ್ಲಿ. ಅಥವಾ ತೆರೆಯಬೇಕಾಗಿತ್ತು.

ಸಿಲೋನಿಗೆ ಹೋಗುವ ಕೂಲಿಗಳನ್ನೆಲ್ಲ ಅಲ್ಲಿ ಇಳಿಸಿ, ಬಟ್ಟೆಗಳನ್ನು ಉಗಿಯಲ್ಲಿ ಬೇಯಿಸಿ, ಕಷಾಯ ಕುಡಿಸಿ, ಕ್ಯಾಂಪಿನಲ್ಲಿ ದಿನಗಟ್ಟಲೆ ಕೂರಿಸುತ್ತಾರೆ, ರೋಗ ದಾಟಿ ಹೋಗದಿರಲಿ ಎಂದು. ಸೆಕೆಂಡ್ ಕ್ಲಾಸಿನವನಾದ ನನ್ನ ನಾಲಿಗೆಯನ್ನು ಮಾತ್ರ ಡಾಕ್ಟರು ನೋಡಿದರು. ರೋಗಕ್ಕೂ ಟಿಕೆಟ್ಟಿನ ಬಣ್ಣ ಗೊತ್ತಾಗುತ್ತದೆಂದು ಕಾಣುತ್ತದೆ.

ಆದರೆ ನನ್ನ ಉಪ್ಪಿನಕಾಯಿ ಜಾಡಿಗೆ ಈ ರಿಯಾಯಿತಿ ಇರಲಿಲ್ಲ. ಇನ್ಸ್‌ಪೆಕ್ಟರು ಮುಚ್ಚಳ ತೆಗೆದು, ಅಪ್ಪೆಮಿಡಿಯ ರಸದಲ್ಲಿ ಪೆನ್ಸಿಲು ಅದ್ದಿ, ಮೂಸಿ, “ಇದೇನು?” ಎಂದು ತಮಿಳಿನಲ್ಲಿ ಕೇಳಿದರು.

“ಮಾವಿನಕಾಯಿ.”

“ಇಷ್ಟು ಚಿಕ್ಕದನ್ನು ಕೊಯ್ದರೆ ಪಾಪವಲ್ಲವೆ?”

ಮಿಡಿಯನ್ನು ಮಿಡಿಯಾಗಿಯೇ ಕೊಯ್ಯಬೇಕೆಂದು ವಿವರಿಸುವಷ್ಟರಲ್ಲಿ ಅವರು ಒಂದನ್ನು ಕಚ್ಚಿದ್ದರು. ಇನ್ನೆರಡು ಮಿಡಿಗಳನ್ನು ಸರ್ಕಾರದ ಪರೀಕ್ಷೆಗೆಂದು ಕಾಗದದಲ್ಲಿ ಸುತ್ತಿಕೊಂಡು ಜಾಡಿಯನ್ನು ವಾಪಸು ಕೊಟ್ಟರು.

ಧನುಷ್ಕೋಟಿಯಲ್ಲಿ ಹಡಗು ಹತ್ತಿದೆ. ಎರಡು ಗಂಟೆಯೂ ಹಿಡಿಯದ ಸಮುದ್ರ. ಆದರೂ ದಡ ಕಣ್ಣಿಂದ ಮರೆಯಾದಾಗ ನನಗೆ ತುಂಗೆಯನ್ನು ದೋಣಿಯಲ್ಲಿ ದಾಟಿದ ಧೈರ್ಯವೆಲ್ಲ ಸಾಲಲಿಲ್ಲ. ಬೆಂಚಿನ ಕಂಬಿಯನ್ನು ಹಿಡಿದೇ ಕೂತಿದ್ದೆ.

ಕೊಲಂಬೊ

ನನ್ನನ್ನು ಎದುರುಗೊಂಡವರು ನಲ್ಲತಂಬಿ ಎಂಬ ಗೃಹಸ್ಥರು. ಸಿಲೋನಿನ ಉತ್ತರದ ಯಾಳ್ಪಾಣದ ಕಡೆಯ ತಮಿಳರು, ಮಳೆ ಇಲ್ಲದಿದ್ದರೂ ಕಂಕುಳಲ್ಲಿ ಕೊಡೆ. ನನ್ನ ಆತಿಥ್ಯಕ್ಕೆ ಗೊತ್ತುಮಾಡಿದ್ದ ಅಲ್ಲಿಯ ಲೋಕಹಿತ ಸಭೆಗೆ ಅವರೇ ಕಾರ್ಯದರ್ಶಿ. ಅವರ ಮಾತನ್ನೆಲ್ಲ ನಾನು ಇಲ್ಲಿ ಕನ್ನಡದಲ್ಲೇ ಹೇಳುತ್ತೇನೆ.

ಕೊಲಂಬೊ ಚೆಂದದ ಊರು. ಟ್ರಾಮು ಓಡುತ್ತದೆ. ಹಳೇಕಾಲದ ಸಿಂಹಳ ಗಂಡಸರು ಆಮೆ ಚಿಪ್ಪಿನ ಬಾಗಿದ ಬಾಚಣಿಗೆಯನ್ನು ನೆತ್ತಿಯ ಮೇಲೆ ಸಿಕ್ಕಿಸಿಕೊಂಡು ಗಂಭೀರವಾಗಿ ಕೋರ್ಟಿಗೆ ಹೋಗುತ್ತಾರೆ. ಚಹಾವನ್ನು ಹಾಲಿಲ್ಲದೆ, ಬೆಲ್ಲದ ಚೂರನ್ನು ಕಚ್ಚುತ್ತಾ ಕುಡಿಯುತ್ತಾರೆ. ನಮ್ಮಲ್ಲಿ ಹೀಗೆ ಕೊಟ್ಟರೆ ನೆಂಟರು ಮನೆ ಬಿಟ್ಟು ಎದ್ದುಹೋದಾರು.

ಊಟದಲ್ಲಿ ಒಂದು ಕಾಯಿ ಚಟ್ನಿ. ಕೆಂಪಗೆ, ಖಾರವಾಗಿ ಬಹಳ ರುಚಿ. ಎರಡನೆಯ ಸಲ ಹಾಕಿಸಿಕೊಂಡೆ. ಮೂರನೆಯ ಸಲ ಹಾಕಿಸಿಕೊಳ್ಳುವಾಗ, ನಮ್ಮ ಮನೆಯವಳಿಗೆ ಹೇಳಲು ಬೇಕಲ್ಲ ಎಂದು, “ಇದಕ್ಕೇನು ಹಾಕ್ತೀರಿ?” ಎಂದೆ.

“ತೆಂಗಿನಕಾಯಿ, ಮೆಣಸಿನಕಾಯಿ, ಈರುಳ್ಳಿ, ಸ್ವಲ್ಪ ಒಣಮೀನಿನ ಪುಡಿ,” ಎಂದರು ನಲ್ಲತಂಬಿ.

ಹುಟ್ಟಿದಾರಭ್ಯ ಲಿಂಗ ಕಟ್ಟಿಕೊಂಡವನು ನಾನು. ಎದ್ದು ಹಿತ್ತಲಿಗೆ ಹೋದೆ. ಹಿಂದೆಯೇ ಕೊಡೆ ಹಿಡಿದು ಬಂದ ಆ ಮನುಷ್ಯ ನನಗಿಂತ ಹೆಚ್ಚು ನೊಂದುಕೊಂಡರು. “ಕೇಳಬಾರದಾಗಿತ್ತೆ ಅಯ್ಯಾ, ಮೊದಲೇ?” ಎಂದು ನೀರು ಹಾಕಿದರು.

ಅವರನ್ನು ಕೆಟ್ಟವರೆಂದು ಇವತ್ತಿಗೂ ನನ್ನ ಬಾಯಲ್ಲಿ ಬರುವುದಿಲ್ಲ. ಬೆಳಗಾದರೆ ಸಭೆಯ ಬಾಗಿಲಲ್ಲಿ ಬಂದರಿನ ಕೂಲಿಗಳ ಮಕ್ಕಳು ತಂಬಿಗೆ ಹಿಡಿದು ಸಾಲು ನಿಲ್ಲುತ್ತಿದ್ದರು. ಇವರೇ ನಿಂತು ಹಾಲು ಹಾಕಿಸುತ್ತಿದ್ದರು. ಹಾಲಿನ ಡಬ್ಬಿಗಳ ಪಕ್ಕದಲ್ಲಿ ಅಚ್ಚಾದ ಕಾಗದಗಳ ಕಟ್ಟು ಸೂರಿನವರೆಗೆ ಪೇರಿಸಿದ್ದರು. ಸಂಘವೆಂದ ಮೇಲೆ ಕಾಗದ ಇದ್ದೇ ಇರುತ್ತದೆ ಎಂದುಕೊಂಡೆ.

ಬೆಟ್ಟದ ತೋಟ

ಮಲೆನಾಡಿನ ಬೆಟ್ಟವನ್ನು ಯಾರೋ ಬಾಚಣಿಗೆ ಹಿಡಿದು ಬಾಚಿದಂತಿತ್ತು ಆ ಸೀಮೆ. ಒಂದೂ ಕಾಡುಮರ ಇಲ್ಲ. ಸೊಂಟದೆತ್ತರದ ಚಹಾ ಗಿಡ, ಸಾಲಿನ ಮೇಲೆ ಸಾಲು. ಬೆನ್ನಿಗೆ ಬುಟ್ಟಿ ಕಟ್ಟಿದ ಹೆಂಗಸರು ಆ ಹಸುರಿನಲ್ಲಿ ಸೊಂಟದವರೆಗೆ ಮುಳುಗಿ ಎಲೆ ಕೀಳುತ್ತಿದ್ದರು.

ನಲ್ಲತಂಬಿ ನನ್ನನ್ನು ನೇರವಾಗಿ ತೋಟದ ಬಿಳಿ ದೊರೆಯ ಬಂಗಲೆಗೆ ಕರೆದೊಯ್ದರು. ದೊರೆ ಒಳ್ಳೆಯ ಮಾತಿನವನು. ನಾನು ಮೀನು ತಿನ್ನುವುದಿಲ್ಲವೆಂಬ ಸುದ್ದಿ ಆಗಲೇ ಮುಟ್ಟಿತ್ತು. ಬ್ರೆಡ್ಡಿನ ಜೊತೆ ಬರೀ ಬೆಣ್ಣೆ ಇಟ್ಟಿದ್ದರು. ಚಹಾ ಆದ ಮೇಲೆ ಜವಾನ ಚರ್ಮದ ರಟ್ಟಿನ ದೊಡ್ಡ ಪುಸ್ತಕ ತಂದ. ಬಂದ ಅತಿಥಿಗಳು ನಾಲ್ಕು ಮಾತು ಬರೆಯುವುದು ವಾಡಿಕೆಯಂತೆ.

“ನಾನಿನ್ನೂ ಏನೂ ನೋಡಿಲ್ಲವಲ್ಲ,” ಎಂದೆ.

“ಆಮೇಲೆ ಮಳೆ ಬಂದರೆ ನೀವು ಹೀಗೇ ಇಳಿದುಹೋಗಬೇಕಾದೀತು,” ಎಂದ ದೊರೆ. “ನಮ್ಮ ಜನ ಶಾಂತರು. ಹೊರಗಿನವರು ಬಂದು ಕಲಕದಿದ್ದರೆ ಯಾವ ತೊಂದರೆಯೂ ಇಲ್ಲ.”

ನಮ್ಮಲ್ಲಿ ನೆಂಟರ ಮನೆಯಲ್ಲಿ ಮೊದಲ ತುತ್ತು ಬಾಯಿಗೆ ಹೋಗುವ ಮುಂಚೆಯೇ ಸಾರು ಚೆನ್ನಾಗಿದೆ ಎನ್ನುವುದಿಲ್ಲವೆ? ಬಡಿಸಿದವಳ ಮುಖ ಅರಳಲಿ ಎಂದು. ಅದೇ ಧಾಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದೆ: ಜನ ಶಾಂತರಾಗಿದ್ದಾರೆ, ಹೊರಗಿನವರ ಉಪದ್ರವವಿಲ್ಲದೆ ನೆಮ್ಮದಿಯಾಗಿದ್ದಾರೆ, ಒಡೆಯರು ದಯಾಳುಗಳು. ಕೆಳಗೆ ನನ್ನ ಹೆಸರು, ನಮ್ಮ ಸಂಘದ ಹೆಸರು, ಭದ್ರಾವತಿ. ಅಕ್ಷರ ದುಂಡಗೆ ಬಂದಿತ್ತು. ದೊರೆ ಮೆಚ್ಚಿದ.

ಮಳೆ ಬರಲಿಲ್ಲ. ಕೂಲಿಗಳು ಇರುವ ಸಾಲುಮನೆಗಳಿಗೆ ತೋಟದ ಗುಮಾಸ್ತೆಯೊಬ್ಬ ನನ್ನನ್ನು ಕರೆದೊಯ್ದ. ಚಿನ್ನಮ್ಮನ ಕಂಗಾಣಿಯ ಹೆಸರು, ತೋಟದ ಹೆಸರು ನಾನು ಬರೆದುಕೊಂಡಿದ್ದೆ. ಅದೇ ತೋಟ ನೋಡುತ್ತೇನೆಂದು ಪಟ್ಟು ಹಿಡಿದು ಬಂದದ್ದು. ಹತ್ತಡಿ ಹನ್ನೆರಡಡಿಯ ಕೋಣೆಯ ಮುಂದೆ ಮುನಿಯಮ್ಮನ ಮೂಗೇ ಇದ್ದ ಹೆಂಗಸು ನಿಂತಿದ್ದಳು. ಗಂಟು ಕೊಟ್ಟೆ. ಅವಳು ಬಿಚ್ಚಲಿಲ್ಲ, ಮೂಸಿದಳು.

“ಚೆನ್ನಾಗಿದ್ದೀಯಾ?” ಎಂದೆ ತಮಿಳಿನಲ್ಲಿ.

“ಚೆನ್ನಾಗಿದ್ದೇನೆ,” ಎಂದಳು ಗುಮಾಸ್ತೆಯ ಮುಖ ನೋಡಿ.

“ಮಕ್ಕಳು?”

“ಚೆನ್ನಾಗಿದ್ದಾರೆ.” ಮತ್ತೆ ಅವನ ಮುಖ.

ಹೀಗೇ ನಾಲ್ಕು ಪ್ರಶ್ನೆ, ನಾಲ್ಕು ಚೆನ್ನಾಗಿದ್ದೇನೆ. ಪಕ್ಕದ ಕೋಣೆಯ ಮುದುಕಿಯೊಬ್ಬಳು ಏನೋ ಜಗಳ ತೆಗೆದು ಗುಮಾಸ್ತೆಯನ್ನು ಆಚೆ ಕರೆದಳು. ಬೇಕೆಂದೇ ಕರೆದಳೆಂದು ನನಗೆ ಆಮೇಲೆ ಹೊಳೆಯಿತು. ಚಿನ್ನಮ್ಮ ತಗ್ಗಿದ ದನಿಯಲ್ಲಿ ಒಂದೇ ಉಸಿರಿಗೆ ಹೇಳಿದಳು:

“ಅಕ್ಕನಿಗೆ ಹೇಳಿ, ಸ್ವಲ್ಪ ತಡೆಯಲಿ. ಕೂಲಿಗಳ ಮನೆಗೆ ಅವರ ಜನ ಯಾರು ಬೇಕಾದರೂ ಬರಬಹುದು, ದೊರೆಯ ಚೀಟಿ ಬೇಡ ಅಂತ ಕಾನೂನು ಬರುತ್ತದಂತೆ. ಕೊಲಂಬೊ ಕೌನ್ಸಿಲಿನಲ್ಲಿ ಮಾತು ನಡೆದಿದೆ. ಅಣ್ಣ ಬಂದ ದಿನ ನಾನು ಮೇಲಿನ ಸಾಲಿನಲ್ಲಿ ಎಲೆ ಕೀಳುತ್ತಿದ್ದೆ. ಗೇಟಿನಲ್ಲಿ ನಿಂತವನು ಅವನೇ ಅಂತ ಗೊತ್ತಾಯಿತು. ಕೂಗಲಿಲ್ಲ. ಕೂಗಿದರೆ ಆ ದಿನದ ಹೆಸರು ಹೊಡೆದುಹಾಕುತ್ತಾರೆ, ಕೂಲಿ ಇಲ್ಲ.”

ಗುಮಾಸ್ತೆ ಬಂದ. ಅವಳು, “ಚೆನ್ನಾಗಿದ್ದೇನೆ ಎಂದು ಅಕ್ಕನಿಗೆ ಹೇಳಿ,” ಎಂದು ಗಟ್ಟಿಯಾಗಿ ಅಂದಳು.

ಬೆಟ್ಟ ಇಳಿಯುವಾಗ ಬಂಗಲೆಯ ಪುಸ್ತಕದಲ್ಲಿ ಬರೆದ ಮಾತು ನೆನಪಾಯಿತು. ಯಾರೋ ಅತಿಥಿಯ ಸೌಜನ್ಯ, ಅದನ್ನು ಯಾರು ಓದುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ.

ಮತ್ತೆ ಕೊಲಂಬೊ

ನಾಲ್ಕನೆಯ ದಿನ ನಲ್ಲತಂಬಿ ಸಂತೋಷದಿಂದ ಒಂದು ಕಾಗದ ತಂದು ನನ್ನ ಕೈಗಿತ್ತರು. ಇಂಗ್ಲಿಷು ಒಂದು ಮಗ್ಗುಲು, ತಮಿಳು ಒಂದು ಮಗ್ಗುಲು. ಶಾಯಿ ಇನ್ನೂ ಕೈಗೆ ಅಂಟುತ್ತಿತ್ತು. “ಯಾರ ಹಂಗೂ ಇಲ್ಲದ ಮೈಸೂರು ಸೀಮೆಯ ಶಿಕ್ಷಕರು ಕಣ್ಣಾರೆ ಕಂಡದ್ದು” ಎಂದು ತಲೆಬರಹ. ಕೆಳಗೆ ನಾನು ಬಂಗಲೆಯಲ್ಲಿ ಬರೆದ ಮಾತು, ನನ್ನ ಹೆಸರು, ನಮ್ಮ ಸಂಘದ ಹೆಸರು, ಭದ್ರಾವತಿ. ಅದರ ಕೆಳಗೆ, ಆದ್ದರಿಂದ ಹೊರಗಿನವರನ್ನು ಚೀಟಿಯಿಲ್ಲದೆ ತೋಟಗಳಿಗೆ ಬಿಡುವ ಕಾನೂನು ಕೂಡದು ಎಂದು ಲೋಕಹಿತ ಸಭೆಯ ಬಿನ್ನಹ.

“ಇನ್ನೊಂದು ಹೇಳಿಕೆ ಇದೆ. ಕೌನ್ಸಿಲಿನ ಸದಸ್ಯರಿಗೆ ಕೊಡುವಂಥದ್ದು. ಇದಕ್ಕೊಂದು ರುಜು ಹಾಕಿಬಿಡಿ,” ಎಂದರು.

“ನಲ್ಲತಂಬಿಯವರೇ, ನನ್ನನ್ನು ಇಲ್ಲಿಗೆ ಕರೆಸಿದವರು ಯಾರು?”

“ದಾನಿಗಳು.”

“ಯಾರು?”

ಅವರು ಕೊಡೆಯ ತುದಿಯಿಂದ ನೆಲ ಗೀರಿದರು. “ನನಗೂ ಗೊತ್ತಿಲ್ಲ ಅಯ್ಯಾ. ನಿಮ್ಮ ಟಿಕೆಟ್ಟು, ಈ ಮನೆಯ ಬಾಡಿಗೆ, ಮಕ್ಕಳ ಹಾಲು, ಈ ಅಚ್ಚು, ಎಲ್ಲ ಒಬ್ಬ ವಕೀಲರ ಮೂಲಕ ಬರುತ್ತದೆ. ದೊರೆಗಳೇ ಬಂದು ನಮ್ಮ ತೋಟಕ್ಕೆ ಯಾರೂ ಬರಬೇಡಿ ಅಂದರೆ ಯಾರು ಕಿವಿ ಕೊಡುತ್ತಾರೆ? ನಿಮ್ಮಂಥವರು ಅಂದರೆ ಕೊಡುತ್ತಾರೆ.”

“ಹಾಗಾದರೆ ಹಣ ತೋಟದವರದು.”

“ನಾನು ಹಾಗೆ ಹೇಳಲಿಲ್ಲ. ನಾನು ಕೇಳಿಲ್ಲ. ಕೇಳಿದ ದಿನ ಹಾಲು ನಿಲ್ಲುತ್ತದೆ. ನೀವು ಕೇಳಿದಿರಾ, ಊರಿನಲ್ಲಿ?”

ಕೇಳಲು ಬಂದ ಗೌಡರ ಬಾಯಿ ಮುಚ್ಚಿಸಿದ ಕಥೆಯನ್ನು ಅವರಿಗೆ ಹೇಳಲು ನಾಚಿಕೆಯಾಯಿತು.

ರುಜು ಹಾಕಲಿಲ್ಲ. ಪುಸ್ತಕದಲ್ಲಿ ಬರೆದದ್ದು ನೋಡುವ ಮುಂಚೆ ಬರೆದ ಮಾತು, ಹಿಂತೆಗೆದುಕೊಂಡಿದ್ದೇನೆ ಎಂದು ಅಲ್ಲಿಯ ಒಂದು ಪತ್ರಿಕೆಗೆ ಬರೆದು ಕೊಟ್ಟೆ. ಒಳಪುಟದ ಮೂಲೆಯಲ್ಲಿ, ಕಳೆದುಹೋದ ನಾಯಿಯ ಜಾಹೀರಾತಿನ ಕೆಳಗೆ ಮೂರು ಸಾಲು ಹಾಕಿದರು. ಆ ಹೊತ್ತಿಗೆ ಮೊದಲಿನ ಕಾಗದ ಕಟ್ಟುಕಟ್ಟಾಗಿ ರೈಲು ಹತ್ತಿ ಬೆಟ್ಟದ ತೋಟಗಳಿಗೂ ಹೋಗಿತ್ತು. ನಾನು ವಾಪಸು ಬಂದದ್ದು ಅವರು ಕೊಟ್ಟ ಟಿಕೆಟ್ಟಿನಲ್ಲೇ. ಬೇರೆ ದಾರಿ ಇರಲಿಲ್ಲ.

ಹಡಗಿನಲ್ಲಿ ನನಗೆ ಅಜ್ಜಿಯದೇ ಯೋಚನೆ. ಉಂಡೆಯಲ್ಲಿ ಎರಡಾಣೆ ಬಚ್ಚಿಟ್ಟವಳು ತಿಂದವರಿಂದ ಏನನ್ನೂ ಹೇಳಿಸಲಿಲ್ಲ. ನನಗೆ ಸಿಕ್ಕ ಉಂಡೆಯ ಒಳಗೆ ನಾನು ಹೇಳಬೇಕಾದ ಮಾತನ್ನೇ ಬಚ್ಚಿಟ್ಟಿದ್ದರು. ಆ ಹಣ ಯಾರದೆಂದು ಇಂದಿಗೂ ನಾನು ಆಣೆ ಮಾಡಿ ಹೇಳಲಾರೆ. ಹಾಗೆ ಹೇಳಲಾಗದಂತೆ ನೋಡಿಕೊಳ್ಳುವುದಕ್ಕೇ ನಡುವೆ ವಕೀಲರನ್ನು ಇಟ್ಟದ್ದು.

ಊರು

ಶಿವಮೊಗ್ಗೆಯಲ್ಲಿ ಸಂಘದ ಎಲ್ಲರನ್ನೂ ಸೇರಿಸಿ ನಡೆದದ್ದನ್ನು ಹೇಳಿದೆ. ಈ ಸಲ ಕಾಫಿ ಇತ್ತು. ಶಿವಲಿಂಗಪ್ಪನವರು ಲೋಟ ಕೆಳಗಿಟ್ಟರು.

“ಮೇಷ್ಟ್ರೇ, ನೀವು ಹೋದ್ಮೇಲೆ ಬಂದ ಮೊದಲ ಕಂತಿನಲ್ಲಿ ಶಾಲೆ ಗೋಡೆ ಕಿಟಕಿ ಮಟ್ಟಕ್ಕೆ ಎದ್ದಿದೆಯಲ್ಲ. ಈಗೇನು ಕೆಡವೋಣ ಅಂತೀರಾ? ನಮ್ಮ ಮಕ್ಕಳು ಕೂರೋ ಜಾಗ ಅದು.”

“ಕೆಡವೋದು ಬೇಡ ಸ್ವಾಮಿ. ಹೆಸರು ಕೇಳಿ ಬರೆಯೋಣ. ಹೇಳಿದ್ರೆ ಹೆಂಚು ಹೊದಿಸೋಣ.”

“ಹೇಳದಿದ್ರೆ?”

ರಂಗೇಗೌಡರು ನನ್ನ ಕಡೆ ತಿರುಗಿದರು. “ಅವತ್ತು ನಾನು ಕೇಳ್ದಾಗ ಮರ್ಯಾದೆ ಅಲ್ಲ ಅಂದ್ರಿ. ಈಗ ಮರ್ಯಾದೆ ಎಲ್ಲಿಂದ ಬಂತು, ಹಡಗಲ್ಲಾ?”

“ಹಡಗಲ್ಲೇ ಬಂತು, ಗೌಡ್ರೇ. ತಪ್ಪು ನಂದು.”

“ಹೋಗ್ಲಿ ಬಿಡಿ ಮಾರಾಯ್ರೇ. ಕಾಗದ ಬರೀರಿ. ನನ್ನ ರುಜುನೂ ಹಾಕ್ತೀನಿ, ದೊಡ್ಡದಾಗಿ.”

ಪತ್ರ ಹೋಯಿತು. ಉತ್ತರ ಬರಲಿಲ್ಲ, ಹಣವೂ ನಿಂತಿತು. ಭದ್ರಾವತಿಯಲ್ಲಿ ಆ ಗೋಡೆ ಹಾಗೇ ಇದೆ. ಸಂಜೆ ಶಾಲೆ ನನ್ನ ಜಗುಲಿಯಲ್ಲೇ ನಡೆಯುತ್ತದೆ. ಬಂದರಿನ ಮಕ್ಕಳ ಹಾಲಿನ ವಿಷಯ ಕೇಳಿ ನಲ್ಲತಂಬಿಯವರಿಗೆ ಎರಡು ಕಾಗದ ಬರೆದೆ. ಅವಕ್ಕೂ ಉತ್ತರವಿಲ್ಲ.

ಮುನಿಯಮ್ಮನಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಗಿತ್ತು. ಚಿನ್ನಮ್ಮ ಹೇಳಿದ್ದನ್ನೆಲ್ಲ ಹೇಳಿದ ಮೇಲೆ ಅಚ್ಚಾದ ಕಾಗದವನ್ನು ತೋರಿಸಿ, ತಮಿಳಿನ ಮಗ್ಗುಲನ್ನು ಓದಿ ಹೇಳಿದೆ. ಅವಳು ಬೆರಳಿಟ್ಟು, “ಇದು ನಿಮ್ಮೆಸ್ರಾ?” ಎಂದಳು.

“ಹೌದು.”

“ಅವ್ಳನ್ನ ನೋಡೋಕ್ಮುಂಚೆ ಬರ್ದದ್ದಾ, ನೋಡಿದ್ಮೇಲಾ?”

“ಮುಂಚೆ.”

“ನೋಡಿದ್ಮೇಲೆ ಬರ್ದಿದ್ರೆ ನಿಮ್ಮ ಮನೆ ಮುಂದೆ ಬರ್ತಿರ್ಲಿಲ್ಲ ಸಾಮಿ,” ಎಂದು ಕೊಡ ಎತ್ತಿಕೊಂಡು ನೀರಿಗೆ ಹೋದಳು.

ಕಾನೂನು ಆ ಸಲ ಬರಲಿಲ್ಲ. ಮುಂದಿನ ವರ್ಷ ಮುನಿಯಮ್ಮ ಕೆಲಸದಿಂದ ರಜೆ ಪಡೆದು, ಮಂಡಪಂ ಕ್ಯಾಂಪಿನಲ್ಲಿ ಕೂರಬೇಕಾದಷ್ಟು ದಿನ ಕೂತು, ಆ ತೋಟಕ್ಕೆ ಹೋದಳು. ಗೇಟಿನಲ್ಲಿ ಬಿಡಲಿಲ್ಲ. ಆದರೆ ಅವಳು ಅಣ್ಣನಂತೆ ಅಲ್ಲಿಂದಲೇ ಹಿಂದಿರುಗಲಿಲ್ಲ. ತೋಟದ ಕೆಳಗೆ ಹಾಯುವ ರಸ್ತೆ ಸರ್ಕಾರದ್ದು, ಅಲ್ಲಿ ದೊರೆಯ ಚೀಟಿ ಬೇಡವೆಂದು ಯಾರೋ ಗಾಡಿಯವನು ಹೇಳಿದ್ದನಂತೆ. ಆ ರಸ್ತೆಯ ಅಂಚಿನಲ್ಲಿ ಕೂತು ತಂಗಿಯ ಹೆಸರು ಹಿಡಿದು ಕೂಗಿದಳು. ಮೇಲಿನ ಸಾಲಿನಿಂದ ಚಿನ್ನಮ್ಮ ಬುಟ್ಟಿ ಕಟ್ಟಿಕೊಂಡೇ ಇಳಿದು ಬಂದು ಚರಂಡಿಯ ಆಚೆ ನಿಂತಳು. ಅವಳ ಆ ದಿನದ ಹೆಸರು ಹೊಡೆದುಹಾಕಿದರು. ಮಾರನೆಯ ದಿನವೂ ಬಂದಳು, ಅದನ್ನೂ ಹೊಡೆದುಹಾಕಿದರು. ಮೂರನೆಯ ದಿನ ಮಕ್ಕಳನ್ನೂ ಕರೆದುಕೊಂಡು ಬಂದಳು. ಅಕ್ಕತಂಗಿಯರು ಚರಂಡಿಯ ಎರಡು ಬದಿಗೆ ಕೂತು ಮಧ್ಯಾಹ್ನದವರೆಗೆ ಮಾತಾಡಿದರು.